ಕಾರಿಗೆ ಬಾಲದ ರೆಕ್ಕೆ ಕೊಟ್ಟ ಹಾರ್ಲಿ ಅರ್ಲ್

ಕಾಲೇಜಿನ ವಾರ್ಷಿಕಾಂಕದಲ್ಲಿ ಜೀವನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಒಬ್ಬ ಶರಣರನ್ನೋ ಕವಿಯನ್ನೋ ದೇಶಭಕ್ತರನ್ನೋ ಆರಿಸಿಕೊಳ್ಳುತ್ತಾರೆ. ನಾನು ಆರಿಸಿಕೊಂಡವನು ಇವರಾರೂ ಅಲ್ಲ. ಆತ ಅಮೆರಿಕೆಯ ಒಬ್ಬ ಗಾಡಿ ಬಡಿಗನ ಮಗ; ಮೂವತ್ತು ವರ್ಷಗಳಿಗೂ ಮಿಕ್ಕು ಆ ದೇಶದ ಕಾರುಗಳು ಹೇಗೆ ಕಾಣಬೇಕೆಂಬುದನ್ನು ನಿರ್ಧರಿಸಿದವನು. ಹೆಸರು ಹಾರ್ಲಿ ಅರ್ಲ್. ಬಾಡಗಂಡಿಯಂಥ ಊರಿನಿಂದ ಬಂದ ಕಲಾ ವಿಭಾಗದ ವಿದ್ಯಾರ್ಥಿಗೆ ಇಂಥವನ ಗೊಡವೆ ಏಕೆಂದು ಗುರುಗಳೂ ಗೆಳೆಯರೂ ಕೇಳಬಹುದು. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಬಾಡಗಂಡಿಯಲ್ಲಿರುವ ನನ್ನ ಸೋದರಮಾವನ ಹತ್ತಿರ ಒಂದು ಹಳೆಯ ಪ್ರೀಮಿಯರ್ ಪದ್ಮಿನಿ ಕಾರು ಇದೆ. ಊರಿನವರು ಅದನ್ನು ಇಂದಿಗೂ ಫಿಯೆಟ್ಟು ಎಂದೇ ಕರೆಯುತ್ತಾರೆ. ಒಂದು ಕಾಲಕ್ಕೆ ಬೀಳಗಿ, ಮುಧೋಳ, ಜಮಖಂಡಿ, ಬನಹಟ್ಟಿಗಳ ದಾರಿಯಲ್ಲಿ ಎಷ್ಟೋ ಮದುಮಕ್ಕಳನ್ನು ಹೊತ್ತು ತಿರುಗಿದ ಗಾಡಿ ಅದು. ಈಗ ಬೇವಿನ ಗಿಡದ ಬುಡದಲ್ಲಿ ನಿಂತಿದೆ. ಕೋಳಿಗಳು ಅದರ ಬಾನೆಟ್ಟಿನ ಮೇಲೆ ಏರಿ ಕೂಡುತ್ತವೆ. ಅದರ ಹಿಂಬದಿಯ ಎರಡೂ ಮೂಲೆಗಳಲ್ಲಿ ತಗಡು ತುಸು ಮೇಲೆದ್ದು, ಮೀನಿನ ಬೆನ್ನಿನ ರೆಕ್ಕೆಯಂತೆ ಹಿಂದಕ್ಕೆ ಚಾಚಿದೆ. ತುದಿಗೆ ಕೆಂಪು ದೀಪ. ಹೋದ ವರ್ಷ ಮಾವ ಇದನ್ನು ಗುಜರಿಯವನಿಗೆ ಕೊಟ್ಟುಬಿಡುವ ಮಾತೆತ್ತಿದ. ಎಡಗಡೆಯ ರೆಕ್ಕೆ ತುಕ್ಕು ಹಿಡಿದು ಉದುರುತ್ತಿತ್ತು. ಅಷ್ಟಕ್ಕೂ ಆ ರೆಕ್ಕೆಯಿಂದ ಏನು ಉಪಯೋಗ, ಅದಿಲ್ಲದೆ ಕಾರು ಓಡುವುದಿಲ್ಲವೇ ಎಂದು ನಾನು ಕೇಳಿದೆ. ಜೋರಾಗಿ ಹೋಗುವಾಗ ಗಾಡಿ ಅತ್ತಿತ್ತ ಹೊಯ್ದಾಡಬಾರದೆಂದು ಅದನ್ನು ಇಟ್ಟಿರುತ್ತಾರೆ ಎಂದ ಮಾವ. ಕಟ್ಟೆಯ ಮೇಲಿದ್ದ ಅಜ್ಜ ನಕ್ಕು, ಅದು ಬರೀ ಸಿಂಗಾರ, ಮಾಡಿದವನು ಯಾರೋ ನಮ್ಮ ಪೈಕಿ ಬಡಿಗನೇ ಇರಬೇಕು ಎಂದ. ಅಜ್ಜ ಒಂದು ಕಾಲಕ್ಕೆ ಚಕ್ಕಡಿ ಮಾಡುವುದರಲ್ಲಿ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರಾದವನು.

ಇಬ್ಬರಲ್ಲಿ ಯಾರ ಮಾತು ಸರಿ ಎಂದು ತಿಳಿಯುವ ಹಟದಿಂದ ನಾನು ಗ್ರಂಥಾಲಯಕ್ಕೆ ಹೋದೆ. ಹುಡುಕುತ್ತ ಹೋದಾಗ ಸಿಕ್ಕವನು ಈ ಅರ್ಲ್. ಸೋಜಿಗವೆಂದರೆ, ಅವನು ನಿಜವಾಗಿಯೂ ಬಡಿಗನ ಮನೆಯಿಂದ ಬಂದವನೇ ಆಗಿದ್ದ.

ಅರ್ಲ್ ಹುಟ್ಟಿದ್ದು 1893ರ ನವೆಂಬರ್ 22ರಂದು, ಕ್ಯಾಲಿಫೋರ್ನಿಯಾದ ಹಾಲಿವುಡ್‌ನಲ್ಲಿ. ಆಗ ಅಲ್ಲಿ ಚಲನಚಿತ್ರದ ಸುಳಿವೇ ಇರಲಿಲ್ಲ. ತಂದೆ ಕುದುರೆಗಾಡಿಗಳನ್ನು ಕಟ್ಟುವ ಕಸುಬಿನವನು. ಮಿಶಿಗನ್ ಕಡೆಯಿಂದ ಬಂದು ಲಾಸ್ ಏಂಜಲೀಸ್‌ನಲ್ಲಿ 1889ರಲ್ಲಿ ಕಾರ್ಯಾಗಾರ ತೆರೆದಿದ್ದನು. ಮೋಟಾರುಗಳು ಬರತೊಡಗಿದಾಗ ಆತ ಕುದುರೆಗಾಡಿಗಳನ್ನೇ ಹಿಡಿದು ಕೂಡದೆ 1908ರಲ್ಲಿ ತನ್ನ ಕಾರ್ಯಾಗಾರವನ್ನು ಮೋಟಾರಿಗೆ ಮೈ ಕಟ್ಟುವ ಸ್ಥಳವನ್ನಾಗಿ ಮಾರ್ಪಡಿಸಿದನು. ಆ ಕಾಲದಲ್ಲಿ ಶ್ರೀಮಂತರು ಎಂಜಿನ್ನು ಗಾಲಿಗಳನ್ನು ಕಂಪನಿಯಿಂದ ಕೊಂಡು, ಮೇಲಿನ ಮೈಯನ್ನು ಇಂಥ ಕುಶಲಿಗಳಿಂದ ತಮಗೆ ಬೇಕಾದಂತೆ ಮಾಡಿಸಿಕೊಳ್ಳುತ್ತಿದ್ದರು. ಹಾರ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದನಾದರೂ ಓದು ಮುಗಿಸಲಿಲ್ಲ. ತಂದೆಯ ಕಾರ್ಯಾಗಾರವೇ ಅವನ ಪಾಠಶಾಲೆಯಾಯಿತು.

ಅಷ್ಟರಲ್ಲಿ ಹಾಲಿವುಡ್ಡಿಗೆ ಸಿನಿಮಾ ಬಂದಿತ್ತು. ನಟರ ಕೈಯಲ್ಲಿ ಹಣ, ಮನಸ್ಸಿನಲ್ಲಿ ಹತ್ತು ಜನರ ಕಣ್ಣಿಗೆ ಬೀಳುವ ಆಸೆ. ಹಾಸ್ಯನಟ ಆರ್ಬಕಲ್, ಕುದುರೆ ಸವಾರಿಯ ಚಿತ್ರಗಳ ಟಾಮ್ ಮಿಕ್ಸ್ ಮೊದಲಾದವರಿಗೆ ಈ ಯುವಕನು ವಿಚಿತ್ರ ವೈಭವದ ಕಾರುಗಳನ್ನು ಮಾಡಿಕೊಟ್ಟನು. 1919ರಲ್ಲಿ ಡಾನ್ ಲೀ ಎಂಬ ಕ್ಯಾಡಿಲಾಕ್ ಕಾರುಗಳ ವ್ಯಾಪಾರಿ ಆ ಕಾರ್ಯಾಗಾರವನ್ನೇ ಕೊಂಡುಕೊಂಡನು. ಅರ್ಲನು ಅಲ್ಲಿಯೇ ಮುಖ್ಯಸ್ಥನಾಗಿ ಉಳಿದನು. ಅವನ ಒಂದು ಪದ್ಧತಿ ಉಳಿದವರಿಗೆ ಹೊಸದಾಗಿತ್ತು. ಬೇರೆಯವರು ಮರದ ಚೌಕಟ್ಟಿನ ಮೇಲೆ ತಗಡು ಬಡಿದು ರೂಪ ಹುಡುಕುತ್ತಿದ್ದರೆ, ಈತ ಮೊದಲು ಜೇಡಿಯಂಥ ಮೆದು ಮಣ್ಣಿನಲ್ಲಿ ಕಾರಿನ ರೂಪವನ್ನು ತಿದ್ದಿ, ತೀಡಿ, ಸರಿ ಕಂಡಮೇಲೆ ಲೋಹಕ್ಕೆ ಇಳಿಸುತ್ತಿದ್ದನು. ನಮ್ಮಲ್ಲಿ ಗಣಪತಿ ಮಾಡುವವರಿಗೆ ಇದು ಹೇಳಿಕೊಡಬೇಕಾದ ಮಾತಲ್ಲ. ಆದರೆ ಮೋಟಾರಿನ ಲೋಕಕ್ಕೆ ಅದು ದೊಡ್ಡ ಬದಲಾವಣೆ. ಮರದಲ್ಲಿ ಹುಟ್ಟದ ಬಾಗುಗಳು ಮಣ್ಣಿನಲ್ಲಿ ಹುಟ್ಟುತ್ತವೆ. ಪೆಟ್ಟಿಗೆಗೆ ಗಾಲಿ ಹಚ್ಚಿದಂತಿದ್ದ ಕಾರು ಒಂದೇ ಎರಕದಲ್ಲಿ ಹೊಯ್ದಂತೆ ಕಾಣತೊಡಗಿತು. ಇಂದಿಗೂ ಕಾರು ಕಂಪನಿಗಳಲ್ಲಿ ಮಣ್ಣಿನ ಮಾದರಿ ಮಾಡುವವರು ಇದ್ದಾರೆ.

ಕ್ಯಾಡಿಲಾಕ್ ವಿಭಾಗದ ಮುಖ್ಯಸ್ಥ ಲಾರೆನ್ಸ್ ಫಿಶರ್ ಇದನ್ನು ಕಣ್ಣಾರೆ ಕಂಡು ಬೆರಗಾಗಿ ಅರ್ಲನನ್ನು ಡೆಟ್ರಾಯಿಟ್‌ಗೆ ಕರೆಸಿಕೊಂಡನು. 1927ರಲ್ಲಿ ಹೊರಬಂದ ಲಸಾಲ್ ಎಂಬ ಕಾರು ಅವನ ಕೈಯ ಕೆಲಸ. ಅದು ಗೆದ್ದಿತು. ಅದೇ ವರ್ಷ ಜನರಲ್ ಮೋಟಾರ್ಸ್ ಕಂಪನಿಯ ಅಧ್ಯಕ್ಷ ಆಲ್‌ಫ್ರೆಡ್ ಸ್ಲೋನ್ ಕಾರುಗಳ ರೂಪ ಮತ್ತು ಬಣ್ಣಕ್ಕಾಗಿಯೇ ಒಂದು ಪ್ರತ್ಯೇಕ ವಿಭಾಗವನ್ನು ತೆರೆದು ಅರ್ಲನನ್ನು ಅದರ ತಲೆಯಾಳನ್ನಾಗಿ ಮಾಡಿದನು. ದೊಡ್ಡ ಮೋಟಾರು ಕಂಪನಿಯೊಂದು ಹೀಗೆ ಮಾಡಿದ್ದು ಅದೇ ಮೊದಲು. ಎಂಜಿನಿಯರರು ಅವನನ್ನು ಗೇಲಿ ಮಾಡಿದರು. ಕಬ್ಬಿಣದ ಕೆಲಸದಲ್ಲಿ ಈ ಸೊಗಸುಗಾರನಿಗೇನು ಕೆಲಸ ಎಂಬುದು ಅವರ ಅಸಡ್ಡೆ. ಆರಡಿ ಮೀರಿದ ಎತ್ತರದ ಆಳು, ಬಣ್ಣಬಣ್ಣದ ಸೂಟು ತೊಟ್ಟು ಓಡಾಡುವವನು, ಮಾತು ಒರಟು. ಗೇಲಿ ಮಾಡಿದವರೇ ಕೆಲವು ವರ್ಷಗಳಲ್ಲಿ ಅವನೆದುರು ಬಾಯಿ ಬಿಡಲು ಹೆದರುವಂತಾಯಿತು. 1940ರಲ್ಲಿ ಆತ ಕಂಪನಿಯ ಉಪಾಧ್ಯಕ್ಷನಾದನು.

ಇಲ್ಲಿ ಹೆನ್ರಿ ಫೋರ್ಡನನ್ನು ನೆನೆಯದೆ ಮುಂದೆ ಹೋಗಲಾಗದು. ಫೋರ್ಡನ ಮಾಡೆಲ್ ಟಿ ಕಾರು ಒಂದೂವರೆ ಕೋಟಿಯಷ್ಟು ತಯಾರಾಗಿ 1927ರಲ್ಲಿಯೇ ನಿಂತಿತು. ಹತ್ತಾರು ವರ್ಷ ಅದೇ ರೂಪ, ಬಹುಕಾಲ ಅದೇ ಕಪ್ಪು ಬಣ್ಣ, ವರ್ಷ ವರ್ಷಕ್ಕೆ ಇಳಿಯುವ ಬೆಲೆ. ಅದು ನಮ್ಮಜ್ಜನ ಚಕ್ಕಡಿಯ ಧರ್ಮ: ಒಮ್ಮೆ ಮಾಡಿದ್ದು ಬಾಳಬೇಕು, ಮುರಿದರೆ ರಿಪೇರಿಯಾಗಬೇಕು. ಸ್ಲೋನ್ ಮತ್ತು ಅರ್ಲರ ಧರ್ಮ ಬೇರೆ. ಪ್ರತಿ ವರ್ಷ ಕಾರಿನ ರೂಪ ಬದಲಾಗಬೇಕು. ಹೋದ ವರ್ಷ ಕೊಂಡವನಿಗೆ ತನ್ನ ಕಾರು ಹಳತಾಯಿತೆಂದು ಅನಿಸಬೇಕು. ಕಾರು ಕೆಡುವುದಕ್ಕೆ ಮೊದಲೇ ಅದರ ಮೇಲಿನ ಮನಸ್ಸು ಕೆಡಬೇಕು. ಅರ್ಲ್ ಇದನ್ನು ಮುಚ್ಚಿಡಲಿಲ್ಲ. ತನ್ನ ಕಸುಬೇ ಇದು ಎಂದು ಬಹಿರಂಗವಾಗಿಯೇ ಒಪ್ಪಿಕೊಂಡನು. ಅವನ ಚರಿತ್ರೆಯಲ್ಲಿ ನನಗೆ ನುಂಗಲಾರದ ತುತ್ತು ಇದೊಂದೇ. ಹಾಗೆಂದು ಬೈಯಲು ಹೊರಟರೆ, ನನ್ನ ಕಿಸೆಯಲ್ಲಿರುವ ಮೊಬೈಲು ನನ್ನನ್ನು ನೋಡಿ ನಗುತ್ತದೆ. ಹೋದ ವರ್ಷದ್ದು ಚೆನ್ನಾಗಿಯೇ ಇತ್ತು.

ಇನ್ನು ಬಾಲದ ರೆಕ್ಕೆಯ ಸಂಗತಿ. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕೆಯಲ್ಲಿ ಲಾಕ್‌ಹೀಡ್ ಕಂಪನಿಯ ಪಿ-38 ಎಂಬ ಹೋರಾಟದ ವಿಮಾನ ಸಿದ್ಧವಾಗಿತ್ತು. ಎಲ್ಲ ವಿಮಾನಗಳಿಗೆ ಒಂದು ಒಡಲು, ಒಂದು ಬಾಲ. ಇದಕ್ಕೆ ಅಕ್ಕಪಕ್ಕದಲ್ಲಿ ಎರಡು ಉದ್ದನೆಯ ದಂಡಗಳು. ಪ್ರತಿ ದಂಡದ ಕೊನೆಗೆ ನೆಟ್ಟಗೆ ನಿಂತ ಒಂದೊಂದು ರೆಕ್ಕೆ. 1940ರ ದಶಕದ ಆರಂಭದಲ್ಲಿ ಡೆಟ್ರಾಯಿಟ್ ಹತ್ತಿರದ ಸೆಲ್ಫ್‌ರಿಜ್ ವಿಮಾನನೆಲೆಯಲ್ಲಿ ಅರ್ಲನೂ ಅವನ ಕೈಕೆಳಗಿನ ಕೆಲವರೂ ಅದನ್ನು ನೋಡಿದರು. ವಿಮಾನ ಇನ್ನೂ ಗುಟ್ಟಿನದಾದ್ದರಿಂದ ದೂರದಿಂದಲೇ ನೋಡಬೇಕಾಯಿತು. ನೋಡಿದ ರೂಪ ಅವರ ಕಣ್ಣಿನಿಂದ ಹೋಗಲಿಲ್ಲ. ಯುದ್ಧ ಮುಗಿದ ಮೇಲೆ ಫ್ರಾಂಕ್ ಹರ್ಷಿ ಎಂಬ ರೂಪಕಾರನ ಮೇಲ್ವಿಚಾರಣೆಯಲ್ಲಿ 1948ರ ಕ್ಯಾಡಿಲಾಕ್ ಕಾರು ಸಿದ್ಧವಾಯಿತು. ಅದರ ಹಿಂಬದಿಯ ಎರಡೂ ಮೂಲೆಗಳಲ್ಲಿ ಸಣ್ಣ ಗುಬ್ಬಿಯಂತೆ ತಗಡು ಎದ್ದು ನಿಂತಿತ್ತು. ಆ ಕಂಪನಿಯ ಹಿರಿಯರಿಗೆ ಅದು ಮೊದಲಿಗೆ ಹಿಡಿಸಲಿಲ್ಲ. ಅರ್ಲನೇ ಒಂದು ಸಲ ಅದನ್ನು ತೆಗೆಯಲು ಹೇಳಿದ್ದನಂತೆ. ಆಮೇಲೆ ಮನಸ್ಸು ಬದಲಿಸಿದನಂತೆ. ಆದುದರಿಂದ ಈ ರೆಕ್ಕೆಯ ಪಿತೃತ್ವವನ್ನು ಅರ್ಲನೊಬ್ಬನಿಗೇ ಕಟ್ಟುವುದು ನ್ಯಾಯವಲ್ಲ. ಕೆತ್ತಿದ ಕೈ ಬೇರೆ, ಅಪ್ಪಣೆ ಕೊಟ್ಟ ಬಾಯಿ ಬೇರೆ.

ವಿಮಾನಕ್ಕೆ ಆ ರೆಕ್ಕೆ ಏತಕ್ಕೆ ಬೇಕು ಎಂಬುದು ನನಗೆ ತಿಳಿದದ್ದು ಬೆಂಗಳೂರಿನಲ್ಲಿ. ಶೈಕ್ಷಣಿಕ ಪ್ರವಾಸಕ್ಕೆ ಹೋದಾಗ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಮಾರುತ್ ವಿಮಾನವನ್ನು ನೋಡಿದ್ದೆವು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿಯೇ ರಚನೆಗೊಂಡು 1961ರ ಜೂನ್‌ನಲ್ಲಿ ಮೊದಲು ಹಾರಿದ ವಿಮಾನ ಅದು. ಅದರ ಬಾಲದ ಮೇಲೆ ಆಳೆತ್ತರಕ್ಕೂ ಮೀರಿದ ರೆಕ್ಕೆ ನಿಂತಿದೆ. ಬಾಣದ ಹಿಂದೆ ಗರಿ ಕಟ್ಟುವುದು ಯಾವ ಕಾರಣಕ್ಕೋ ಅದೂ ಅದಕ್ಕೇ. ಬಾಣ ಸ್ವಲ್ಪ ಓರೆಯಾದೊಡನೆ ಗಾಳಿ ಗರಿಯನ್ನು ಒತ್ತಿ ಮೂತಿಯನ್ನು ಮತ್ತೆ ನೇರಕ್ಕೆ ತರುತ್ತದೆ. ಭಾರದ ಕೇಂದ್ರ ಮುಂದೆ, ಗಾಳಿಯ ಒತ್ತು ಬೀಳುವ ಕೇಂದ್ರ ಹಿಂದೆ ಇದ್ದರೆ ವಸ್ತು ತಾನಾಗಿಯೇ ನೆಟ್ಟಗೆ ಸಾಗುತ್ತದೆ. ಅವೆರಡೂ ಅದಲುಬದಲಾದರೆ ಹಿಂದುಮುಂದಾಗಿ ತಿರುಗಲು ನೋಡುತ್ತದೆ. ಗಾಳಿಪಟಕ್ಕೆ ಬಾಲಂಗೋಚಿ ಕಟ್ಟದೆ ಹಾರಿಸಿ ನೋಡಿದ ಹುಡುಗರಿಗೆಲ್ಲ ಹೊಯ್ದಾಟವೆಂದರೇನೆಂದು ಗೊತ್ತು.

ಹಾಗಾದರೆ ಕಾರಿಗೆ ಈ ನಿಯಮ ಸಲ್ಲದೇ? ಸಲ್ಲುತ್ತದೆ; ಆದರೆ ವೇಗ ಬೇಕು. ಗಾಳಿಯ ಒತ್ತು ವೇಗದ ವರ್ಗದಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಒತ್ತು ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ವಿಮಾನಕ್ಕೆ ಹಿಡಿದುಕೊಳ್ಳಲು ಗಾಳಿಯ ಹೊರತು ಬೇರೇನೂ ಇಲ್ಲ. ಕಾರಿಗಾದರೋ ನೆಲವನ್ನು ಕಚ್ಚಿ ಹಿಡಿದ ನಾಲ್ಕು ಟೈರುಗಳಿವೆ. ಸಾಮಾನ್ಯ ವೇಗದಲ್ಲಿ ದಾರಿ ತಪ್ಪದಂತೆ ನೋಡಿಕೊಳ್ಳುವವು ಅವೇ. ಗೇಣುದ್ದದ ರೆಕ್ಕೆಯ ಪಾಲು ಲೆಕ್ಕಕ್ಕೆ ಬರುವಷ್ಟಿರುವುದಿಲ್ಲ. ಆದರೆ ಮ್ಯಾಲ್ಕಮ್ ಕ್ಯಾಂಬೆಲ್ 1935ರಲ್ಲಿ ಗಂಟೆಗೆ 300 ಮೈಲು ದಾಟಿಸಿದ ಬ್ಲೂಬರ್ಡ್ ಕಾರಿಗೆ ಹಿಂದೆ ನಿಜವಾದ ರೆಕ್ಕೆ ಇತ್ತು, ಅದು ಬೇಕಾಗಿಯೂ ಇತ್ತು. 1934ರ ಟಾತ್ರಾ ಎಂಬ ಚೆಕ್ ದೇಶದ ಕಾರಿನ ಬೆನ್ನಿನ ನಡುವೆ ಒಂದೇ ರೆಕ್ಕೆ. ಎಂಜಿನ್ನು ಹಿಂದಿದ್ದು ಹಿಂಬದಿ ಭಾರವಾಗಿದ್ದ ಆ ನುಣುಪು ಮೈಯ ಕಾರಿಗೆ ಅದರಿಂದ ಆಸರೆ. 1950ರ ದಶಕದಲ್ಲಿ ಲಮಾನ್ ಪಂದ್ಯದಲ್ಲಿ ಓಡಿದ ಜಾಗ್ವಾರ್ ಡಿ ಮಾದರಿಗೂ ಚಾಲಕನ ತಲೆಯ ಹಿಂದೆ ರೆಕ್ಕೆ ಇತ್ತು. ಇವು ದುಡಿಯುವ ರೆಕ್ಕೆಗಳು. ಕ್ಯಾಡಿಲಾಕ್‌ನದು ಮೆರೆಯುವ ರೆಕ್ಕೆ. ಇಷ್ಟು ಓದಿದ ದಿನ ಅಜ್ಜನೇ ಗೆದ್ದನೆಂದು ಮಾವನಿಗೆ ಹೇಳಿಬಿಟ್ಟೆ. ಅದು ಅವಸರವಾಯಿತೆಂದು ಆಮೇಲೆ ತಿಳಿಯಿತು.

ಅಮೆರಿಕೆಯ ಜನ ಆ ಮೆರೆಯುವ ರೆಕ್ಕೆಗೆ ಮರುಳಾದರು. ಯುದ್ಧ ಗೆದ್ದ ವಿಮಾನದ ಒಂದು ತುಣುಕು ತಮ್ಮ ಮನೆಯ ಮುಂದೆ ನಿಂತಂತೆ ಅವರಿಗೆ ಅನಿಸಿತು. ದೂರದಿಂದಲೇ ಇದು ಕ್ಯಾಡಿಲಾಕ್ ಎಂದು ನೆರೆಯವರಿಗೆ ಗೊತ್ತಾಗುತ್ತಿತ್ತು. ಬೇರೆ ಕಂಪನಿಗಳೂ ಹಿಂಬಾಲಿಸಿದವು. ಅರ್ಲನು ಜೆಟ್ ವಿಮಾನವನ್ನೇ ನೆಲಕ್ಕಿಳಿಸಿದಂತಿದ್ದ ಫೈರ್‌ಬರ್ಡ್ ಎಂಬ ಪ್ರಯೋಗದ ಕಾರುಗಳನ್ನು ಮಾಡಿಸಿ ಮೋಟೊರಾಮ ಎಂಬ ಪ್ರದರ್ಶನಗಳಲ್ಲಿ ಇಟ್ಟನು. ಜಾತ್ರೆಗೆ ನೆರೆದಂತೆ ಜನ ನೆರೆದರು. ಮಾರುವುದಕ್ಕಲ್ಲದೆ ಕೇವಲ ತೋರಿಸುವುದಕ್ಕಾಗಿ ಕಾರು ಮಾಡುವ ಪದ್ಧತಿಯನ್ನು 1938ರ ಬ್ಯೂಕ್ ವೈ-ಜಾಬ್ ಕಾರಿನಿಂದ ಆರಂಭಿಸಿದವನೂ ಈತನೇ. 1953ರ ಕಾರ್ವೆಟ್ ಕಾರು ಹುಟ್ಟಿದ್ದೂ ಇವನ ಒತ್ತಾಸೆಯಿಂದ. ಆ ಕಾಲದ ಮೋಟಾರು ಕಂಪನಿಗಳಲ್ಲಿ ಕಾಣಲು ಸಿಗದಷ್ಟು ಸಂಖ್ಯೆಯಲ್ಲಿ ಹೆಣ್ಣುಮಕ್ಕಳನ್ನು ರೂಪಕಾರರನ್ನಾಗಿ ನೇಮಿಸಿಕೊಂಡದ್ದೂ ಅವನ ಲೆಕ್ಕಕ್ಕೆ ಸೇರಬೇಕು.

ಆದರೆ ತಾನೇ ಬಿಟ್ಟ ಕುದುರೆ ತನ್ನನ್ನೇ ಹಿಂದೆ ಹಾಕುವ ಕಾಲ ಬಂದಿತು. 1957ರಲ್ಲಿ ಕ್ರೈಸ್ಲರ್ ಕಂಪನಿಯ ವರ್ಜಿಲ್ ಎಕ್ಸ್‌ನರ್ ತಗ್ಗಾದ, ಚೂಪಾದ, ಎತ್ತರದ ರೆಕ್ಕೆಗಳ ಕಾರುಗಳನ್ನು ಹೊರತಂದನು. ಅಡ್ಡಗಾಳಿಯಲ್ಲಿ ಕಾರು ಹೊಯ್ದಾಡದಂತೆ ಇವು ತಡೆಯುತ್ತವೆಂದು ಆ ಕಂಪನಿ ಗಾಳಿಯ ಸುರಂಗದ ಪರೀಕ್ಷೆಗಳ ಆಧಾರದಿಂದ ಹೇಳಿಕೊಂಡಿತು. ನಮ್ಮ ಮಾವನ ಮಾತಿಗೆ ಮೂಲ ಇದೇ ಇರಬೇಕು. ಆ ಮಾತು ಪೂರ್ತಿ ಸುಳ್ಳಲ್ಲ. ಬಹಳ ದೊಡ್ಡ ರೆಕ್ಕೆ, ಬಹಳ ದೊಡ್ಡ ವೇಗ ಇದ್ದರೆ ಒಂದಿಷ್ಟು ಪರಿಣಾಮ ಉಂಟು. ಕೊಂಡವರು ಮಾತ್ರ ಅದಕ್ಕಾಗಿ ಕೊಂಡಿದ್ದಲ್ಲ. ಈ ಕಾರುಗಳನ್ನು ಅರ್ಲನ ತರುಣ ಸಹಾಯಕನೊಬ್ಬ 1956ರಲ್ಲಿ ಬೇಲಿಯಾಚೆಯಿಂದ ಮೊದಲೇ ನೋಡಿ ಓಡಿಬಂದು ಗೆಳೆಯರಿಗೆ ಹೇಳಿದನು. ಅರ್ಲ್ ಆಗ ಯುರೋಪಿನಲ್ಲಿದ್ದನು. ಅವನು ಮರಳುವ ಹೊತ್ತಿಗೆ ಅವನ ಕೈಕೆಳಗಿನವರು ಅವನ ದಪ್ಪ ಮೈಯ ರೂಪಗಳನ್ನು ಬದಿಗಿಟ್ಟು ಬೇರೆಯವನ್ನೇ ಆರಂಭಿಸಿದ್ದರು. ಮೂವತ್ತು ವರ್ಷ ಯಾರ ಎದುರುಮಾತನ್ನೂ ಸಹಿಸದಿದ್ದ ಮನುಷ್ಯ ಅವನ್ನು ನೋಡಿ, ಸುಮ್ಮನಿದ್ದು, ಕೊನೆಗೆ ಒಪ್ಪಿದನು. ಅವನ ಜೀವನದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಗಳಿಗೆ ಇದು.

ಆ ಹುರುಡಿನ ಫಲವೇ 1959ರ ಕ್ಯಾಡಿಲಾಕ್. ರೆಕ್ಕೆಗಳು ಅಷ್ಟು ಎತ್ತರಕ್ಕೆ ಮತ್ತೆಂದೂ ಹೋಗಲಿಲ್ಲ. ಒಂದೊಂದು ರೆಕ್ಕೆಯ ನಡುವೆ ರಾಕೆಟ್ಟಿನ ಬೆಂಕಿಯಂತೆ ಎರಡೆರಡು ಕೆಂಪು ದೀಪ. ಅದು ಮಾರುಕಟ್ಟೆಯಲ್ಲಿ ಓಡಾಡುತ್ತಿರುವಾಗಲೇ, 1958ರ ಕೊನೆಗೆ, ಅರ್ಲ್ ಅರವತ್ತೈದು ತುಂಬಿ ನಿವೃತ್ತನಾದನು. ಆಮೇಲೆ ರೆಕ್ಕೆಗಳು ವರ್ಷ ವರ್ಷಕ್ಕೆ ತಗ್ಗುತ್ತ ಬಂದವು. 1965ರ ಕ್ಯಾಡಿಲಾಕ್‌ನಲ್ಲಿ ಅವು ಇರಲಿಲ್ಲ. ಅದೇ ವರ್ಷ ರಾಲ್ಫ್ ನೇಡರ್ ಅಮೆರಿಕೆಯ ಕಾರುಗಳ ಅಪಾಯಗಳ ಮೇಲೆ ಬರೆದ ಪುಸ್ತಕ ಪ್ರಕಟವಾಯಿತು. ನಿಂತ ಕಾರಿನ ಚೂಪು ರೆಕ್ಕೆಗೆ ಬಡಿದು ಸತ್ತ ಒಂದು ಮಗುವಿನ ಸಂಗತಿ ಅದರಲ್ಲಿದೆ. ಸಿಂಗಾರದಿಂದ ಯಾರಿಗೇನು ಕೇಡು ಎಂದು ಅಲ್ಲಿಯವರೆಗೆ ನಾನೂ ಅಂದುಕೊಂಡಿದ್ದೆ. ಅದನ್ನು ಓದಿದ ಸಂಜೆ ಅಜ್ಜನಿಗೆ ಹೇಳಿದೆ. ಆತ ಬಹಳ ಹೊತ್ತು ಮಾತಾಡಲಿಲ್ಲ. ಚಕ್ಕಡಿಯ ಮೂಲೆಗಳನ್ನು ತಾನು ಯಾವಾಗಲೂ ಉಜ್ಜಿ ದುಂಡಗೆ ಮಾಡುತ್ತಿದ್ದೆ, ಓಣಿಯಲ್ಲಿ ಹುಡುಗರು ಓಡಾಡುತ್ತಿರುತ್ತಾರೆ ಎಂದಷ್ಟೇ ಅಂದ. ಅರ್ಲ್ 1969ರ ಏಪ್ರಿಲ್ 10ರಂದು ಫ್ಲಾರಿಡಾದಲ್ಲಿ ತೀರಿಕೊಂಡನು. ತನ್ನ ರೆಕ್ಕೆಗಳ ಏಳುಬೀಳು ಎರಡನ್ನೂ ಅವನು ನೋಡಿಯೇ ಹೋದನು.

ಆದರೆ ಬಾಡಗಂಡಿಗೆ ಅವು ಬಂದು ತಲುಪಿದ ಬಗೆ ಉಳಿಯಿತು. ಅಮೆರಿಕೆಯ ಗಾಳಿ ಇಟಲಿಗೂ ಬೀಸಿ ಫಿಯೆಟ್ 1100 ಕಾರಿಗೆ ಪುಟ್ಟ ರೆಕ್ಕೆಗಳು ಮೂಡಿದವು. ಅದನ್ನು ನಮ್ಮ ದೇಶದಲ್ಲಿ ಮಾಡಿದ್ದು ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್. ಅದರ ಸ್ಥಾಪಕ ವಾಲಚಂದ ಹೀರಾಚಂದರು ನಮ್ಮ ನೆರೆಯ ಸೊಲ್ಲಾಪುರದವರು. 1940ರಲ್ಲಿ ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಆರಂಭಿಸಿದವರೂ ಅವರೇ. ದುಡಿಯುವ ರೆಕ್ಕೆಗೂ ಮೆರೆಯುವ ರೆಕ್ಕೆಗೂ ನಮ್ಮ ನಾಡಿನಲ್ಲಿ ಮೂಲಪುರುಷ ಒಬ್ಬರೇ ಆದದ್ದು ವಿನೋದವಲ್ಲವೇ? 1953ರಲ್ಲಿ ತೀರಿಕೊಂಡ ಅವರು ಈ ರೆಕ್ಕೆಯ ಫಿಯೆಟ್ಟನ್ನು ನೋಡಲಿಲ್ಲ. 1964ರಲ್ಲಿ ಆರಂಭವಾದ ಆ ಮಾದರಿ ಮುಂದೆ ಪದ್ಮಿನಿ ಎಂಬ ಹೆಸರು ಪಡೆದು ಈ ಶತಮಾನದ ಹೊಸ್ತಿಲವರೆಗೂ ತಯಾರಾಯಿತು. ಮುಂಬಯಿಯಲ್ಲಿ ಅದರ ಕಟ್ಟಕಡೆಯ ಟ್ಯಾಕ್ಸಿ ಇಳಿದುಹೋದದ್ದು 2023ರ ಅಕ್ಟೋಬರ್‌ನಲ್ಲಿ. ವರ್ಷ ವರ್ಷ ಬದಲಾಗಲೆಂದೇ ಹುಟ್ಟಿದ ರೆಕ್ಕೆ ನಮ್ಮಲ್ಲಿಗೆ ಬಂದಮೇಲೆ ಮೂವತ್ತೈದು ವರ್ಷ ಅಲುಗಾಡದೆ ನಿಂತಿತು! ಅರ್ಲನ ಸಿಂಗಾರ ನಮ್ಮ ಕೈಗೆ ಬಂದು ಫೋರ್ಡನ ಧರ್ಮ ಹಿಡಿಯಿತು.

ಇದನ್ನೆಲ್ಲ ಮಾವನಿಗೆ ವಿವರಿಸಿದಾಗ ಆತ ಸೋಲೊಪ್ಪಲಿಲ್ಲ. ನನ್ನನ್ನು ಕಾರಿನೊಳಗೆ ಕೂಡಿಸಿ ಹಿಂದಕ್ಕೆ ತಿರುಗಿ ನೋಡಲು ಹೇಳಿದ. ಹಿಂದಿನ ಗಾಜಿನಾಚೆ ಎರಡೂ ರೆಕ್ಕೆಗಳ ಏಣು ಸ್ಪಷ್ಟವಾಗಿ ಕಾಣುತ್ತಿತ್ತು. ಸಂದಿಯಲ್ಲಿ ಗಾಡಿ ಹಿಂದೆ ಸರಿಸುವಾಗ ಮೂಲೆ ಎಲ್ಲಿದೆ ಎಂದು ತನಗೆ ತಿಳಿಯುತ್ತಿದ್ದುದು ಇದರಿಂದಲೇ, ಮೂವತ್ತು ವರ್ಷದಲ್ಲಿ ಒಮ್ಮೆಯೂ ಯಾರ ಗೋಡೆಗೂ ತಗುಲಿಸಿಲ್ಲ ಎಂದ. ನಾನು ಮತ್ತೆ ಪುಸ್ತಕ ತೆರೆಯಬೇಕಾಯಿತು. ಜರ್ಮನಿಯ ಮರ್ಸಿಡಿಸ್ ಕಂಪನಿ 1959ರಲ್ಲಿ ತನ್ನ ಕಾರಿಗೆ ಸಣ್ಣ ರೆಕ್ಕೆ ಇಟ್ಟಾಗ ಕೊಟ್ಟ ಕಾರಣವೂ ಅಕ್ಷರಶಃ ಇದೇ: ಹಿಂದೆ ಸರಿಸುವಾಗ ಗುರಿ ಹಿಡಿಯಲು. ಹಾಗೆಯೇ ದೀಪವನ್ನು ಎತ್ತರದಲ್ಲಿ ಹಿಡಿದು ನಿಲ್ಲಿಸಲು ಅದೊಂದು ಕಂಬ. 1948ರ ಕ್ಯಾಡಿಲಾಕ್‌ನಲ್ಲಿಯಂತೂ ಎಡಗಡೆಯ ದೀಪವನ್ನು ಎತ್ತಿದರೆ ಕೆಳಗೆ ಪೆಟ್ರೋಲು ಹಾಕುವ ಬಾಯಿ ಅಡಗಿತ್ತು.

ಅಜ್ಜನ ಚಕ್ಕಡಿ ಕೆಲಸ ನಿಂತು ಬಹಳ ವರ್ಷಗಳಾದವು. ಮೊದಲು ಟೈರಿನ ಗಾಡಿ ಬಂದಿತು, ಆಮೇಲೆ ಟ್ರ್ಯಾಕ್ಟರು. ಕಾರ್ಖಾನೆಗೆ ಕಬ್ಬು ಹೇರುವುದು ಈಗ ಅದರಲ್ಲಿಯೇ. ಆಲಮಟ್ಟಿಯ ಹಿನ್ನೀರಿಗೆ ಬೀಳಗಿ ತಾಲೂಕಿನ ಕೆಲವು ಹಳ್ಳಿಗಳು ಎದ್ದುಹೋದಾಗ ಅವನ ಹಳೆಯ ಗಿರಾಕಿಗಳೂ ಚದುರಿದರು. ಗಾಲಿಗೆ ಹಳಿ ಕಾಯಿಸಿ ತೊಡಿಸುತ್ತಿದ್ದ ಕುಳಿ ಹಿತ್ತಿಲಲ್ಲಿ ಇನ್ನೂ ಇದೆ. ಅದರಲ್ಲಿ ಮಳೆನೀರು ನಿಲ್ಲುತ್ತದೆ. ಅರ್ಲನ ತಂದೆ ಕುದುರೆಗಾಡಿ ಬಿಟ್ಟು ಮೋಟಾರಿಗೆ ಹೊರಳಿದ ಸಂಗತಿಯನ್ನು ನಾನು ಓದಿ ಹೇಳಿದಾಗ, ಅವರಿಗೆ ಹತ್ತಿರ ದೊಡ್ಡ ಊರಿತ್ತು, ಹಾಲಿವುಡ್ಡಿತ್ತು ಎಂದು ಅಜ್ಜ ಮೆಲ್ಲಗೆ ಹೇಳಿದ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚಿದರೆ ಎತ್ತು ಹೆಚ್ಚು ಉಳುತ್ತದೇನು ಎಂದು ನಾನು ಕೆಣಕಿದೆ. ಉಳುವುದಿಲ್ಲ, ಆದರೆ ಬಣ್ಣ ಹಚ್ಚದಿದ್ದರೆ ಎತ್ತಿನ ಒಡೆಯ ಆ ದಿನ ಓಣಿಯಲ್ಲಿ ಹೊರಗೆ ಬರುವುದಿಲ್ಲ ಎಂಬುದು ಅವನ ಉತ್ತರ.

ದೀಪಾವಳಿ ರಜೆಗೆ ಊರಿಗೆ ಹೋದಾಗ ಕಾರು ಇನ್ನೂ ಬೇವಿನ ಕೆಳಗೇ ಇತ್ತು. ಗುಜರಿಯವನು ಎರಡು ಸಲ ಬಂದು ಬೆಲೆ ಹೇಳಿ ಹೋಗಿದ್ದನಂತೆ. ಎಡ ರೆಕ್ಕೆಯ ತುಕ್ಕು ತಗಡನ್ನು ಯಾರೋ ನೀಟಾಗಿ ಕತ್ತರಿಸಿ ತೆಗೆದಿದ್ದರು. ಅಜ್ಜ ಕಟ್ಟೆಯ ಮೇಲೆ ಕುಳಿತು ಸಾಗವಾನಿಯ ಒಂದು ತುಂಡನ್ನು ಬಲ ರೆಕ್ಕೆಗೆ ಹೋಲಿಸಿ ಹೋಲಿಸಿ ಹೆರೆಯುತ್ತಿದ್ದ. ತುದಿಯನ್ನು ಮಾತ್ರ ಮೂಲದಷ್ಟು ಚೂಪು ಮಾಡದೆ ದುಂಡಗೆ ಬಿಟ್ಟಿದ್ದ. ಮಾವ ಕೆಂಪು ದೀಪದ ತಂತಿ ಎಳೆಯಲು ಅದರ ನಡುವೆ ತೂತು ಎಲ್ಲಿ ಕೊರೆಯಬೇಕೆಂದು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದ.